ಇತಿ ಎಂದಲ್ಲಿ ಬಿಚ್ಚಿದ ಬುತ್ತಿ

ಶನಿಕೇರಿ,
ಶನಿಯ ಎಂಟನೇ ಸುತ್ತು, ಎಣ್ಣೆಮಳೆಯ ಕಾಲ,
ಬೆಳಕುಪಕ್ಷದ ಎರಡನೇ ಸೋಮವಾರ.

ಪುಟ ಬರೆಯುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಭೂಮಿ ಸುಮಾರು ಮೂವತ್ತು ಸಲ ಸೂರ್ಯನನ್ನು ಬಳಸಿ ಬರುವಷ್ಟರಲ್ಲಿ ಶನಿ ಒಂದು ಸುತ್ತು ಮುಗಿಸುತ್ತಾನೆ. ನಾವು ಅವನ ಜೊತೆಗಿರುವವರಾದ್ದರಿಂದ ಅವನ ಲೆಕ್ಕವೇ ನಮ್ಮ ಲೆಕ್ಕ. ಇಲ್ಲಿ ಎಂಟು ದಿನ ಬೆಳಕು, ಎಂಟು ದಿನ ಕತ್ತಲೆ. ಆದರೂ ಸೋಮವಾರ, ಮಂಗಳವಾರಗಳನ್ನು ಬಿಟ್ಟುಕೊಡಲು ನಮ್ಮ ಹಿಂದಿನವರಿಗೆ ಮನಸ್ಸಾಗಲಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವಾಗಿ ಕೇಳಿಸಬಹುದು. ಇನ್ನು ಕೆಲವು ನಿಮ್ಮವೇ ಆಗಿದ್ದು ಅರ್ಥ ಮಾತ್ರ ಬೇರೆಯಾಗಿರಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಸಾಹಿತ್ಯ ಓದಿದವಳು, ಹೆಸರು ಶಾಲ್ಮಲಾ. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪೀತು ಎಂದು ಯೋಚಿಸಿ ಯೋಚಿಸಿ ದಣಿದು, ಯೋಚಿಸುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ.

ನಾವಿರುವುದು ಶನಿಯ ದೊಡ್ಡ ಚಂದ್ರನ ಮೇಲೆ. ಶನಿ ಹೆಗಲೇರುತ್ತಾನೆ ಎಂದು ನೀವು ಹೆದರುತ್ತಿದ್ದಿರಂತೆ. ನಾವೇ ಹೋಗಿ ಅವನ ಹೆಗಲೇರಿ ಕೂತಿದ್ದೇವೆ ಎಂಬುದು ಇಲ್ಲಿಯ ಹಳೆಯ ತಮಾಷೆ, ಈಗ ಅದಕ್ಕೆ ಯಾರೂ ನಗುವುದಿಲ್ಲ. ಹೊರಗಿನ ಆಕಾಶ ಸದಾ ಒಂದೇ ಬಣ್ಣ, ಅರಿಶಿನಕ್ಕೆ ಹೊಗೆ ಹಿಡಿದಂತೆ. ಮಳೆ ನೀರಿನದಲ್ಲ, ಒಂದು ಬಗೆಯ ಎಣ್ಣೆಯದು. ಹನಿಗಳು ದಪ್ಪಗೆ, ಅವಸರವಿಲ್ಲದೆ, ಬೀಳಲು ಮನಸ್ಸಿಲ್ಲದಂತೆ ಬೀಳುತ್ತವೆ. ನಾವು ವಾಸಿಸುವ ಕೋಣೆಗಳಿಗೆ ಗೂಡು ಎನ್ನುತ್ತೇವೆ. ಗೂಡಿನಿಂದ ಗೂಡಿಗೆ ಗೋಡೆ ತೆಳು. ಪಕ್ಕದವರು ಅಣಬೆಯ ಹಿಟ್ಟು ಬಡಿದು ರೊಟ್ಟಿ ಮಾಡುವುದು, ಕೆಮ್ಮುವುದು, ಮುನಿಸಿಕೊಂಡು ಸುಮ್ಮನಿರುವುದು ಎಲ್ಲ ಕೇಳಿಸುತ್ತದೆ. ಗಾಳಿ ಅಳತೆಯದು. ಒಬ್ಬರು ಉಸಿರಾಡುವಷ್ಟು ಗಾಳಿಗೆ ಒಂದು ಜಾಗ ಎಂದು ಹೆಸರು. ಜಾಗ ಖಾಲಿ ಬಿಡುವಂತಿಲ್ಲ. ಯಾರಾದರೂ ದೂರದ ಕೆಲಸಕ್ಕೆ ಹೋದರೆ ಅವರ ಜಾಗ ಸರದಿಯಲ್ಲಿರುವವರಿಗೆ ಹೋಗುತ್ತದೆ. ತಿರುಗಿ ಬರಬೇಕಾದರೆ ಹೊಸದೊಂದು ಜಾಗ ಆಗಬೇಕು. ಇದರಲ್ಲಿ ಅನ್ಯಾಯವೇನೂ ಇಲ್ಲ ಎಂದು ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತೇವೆ. ಮಕ್ಕಳು ಒಪ್ಪುತ್ತಾರೆ.

ಇನ್ನು ಪುಟಗಳ ವಿಷಯ. ನಿಮ್ಮ ಕಾಲದ ಕೆಲಸವನ್ನು ನಾನು ಹಳೆಯ ಕೈಪಿಡಿಗಳಲ್ಲಿ ಓದಿದ್ದೇನೆ. ಸರ್ವರ್ ಒಂದು ಪುಟವನ್ನು ಕಳಿಸುತ್ತಿತ್ತು. ಓದುವವರ ಬ್ರೌಸರಿನಲ್ಲಿ ಆ ಪುಟದೊಳಗಿನ ಆ್ಯಪ್ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಅದಕ್ಕೆ ತಾನು ಯಾರ ಮುಂದಿದ್ದೇನೆ, ಏನು ತೋರಿಸಬೇಕು ಎಂಬುದು ಗೊತ್ತಿರಬೇಕು. ಅದಕ್ಕಾಗಿ ತಿರುಗಿ ಸರ್ವರನ್ನು ಕೇಳುತ್ತ ಕೂತರೆ ನೋಡುವವರ ಎದುರಿಗೆ ಬರೀ ಗಾಲಿ ತಿರುಗುತ್ತಿರುತ್ತದೆ. ಹೀಗಾಗಿ ಜಾಣರು ಆ್ಯಪ್‌ನ ಮೊದಲ ಸ್ಥಿತಿಯನ್ನು ಪುಟದೊಳಗೇ ಬರೆದು ಕಳಿಸುತ್ತಿದ್ದರು. ನಾವೂ ಅದನ್ನೇ ಮಾಡುತ್ತೇವೆ. ಸರ್ವರಿಗೆ ನಾವು ತವರು ಎನ್ನುತ್ತೇವೆ, ಪುಟದೊಡನೆ ಹೋಗುವ ಆ ಮೊದಲ ಸ್ಥಿತಿಗೆ ಬುತ್ತಿ. ಪುಟ ಹೋದ ಊರಿನ ಗೋಡೆಯ ಮೇಲೆ ಮೊದಲು ರಂಗೋಲಿಯ ಹಾಗೆ ಮೂಡುತ್ತದೆ. ನೋಡಬಹುದು, ಮುಟ್ಟಿದರೆ ಉತ್ತರ ಕೊಡುವುದಿಲ್ಲ. ಆಮೇಲೆ ಬುತ್ತಿ ಬಿಚ್ಚುತ್ತದೆ, ಅವಲಕ್ಕಿ ನೀರು ಹೀರಿದಂತೆ ಪುಟದ ಒಂದೊಂದು ಭಾಗಕ್ಕೂ ಜೀವ ಬರುತ್ತದೆ. ಇದಕ್ಕೆ ನಾವು ಪುಟ ನೆನೆಯಿತು ಎನ್ನುತ್ತೇವೆ. ಒದ್ದೆಯಾಗುವುದಕ್ಕೂ ಜ್ಞಾಪಿಸಿಕೊಳ್ಳುವುದಕ್ಕೂ ಒಂದೇ ಮಾತಿಟ್ಟುಕೊಂಡ ಭಾಷೆ ನಮ್ಮದು, ಇಲ್ಲಿ ಅದು ಕೆಲಸಕ್ಕೆ ಬಂತು. ನಿಮಗೆ ಬುತ್ತಿ ಇಲ್ಲದಿದ್ದರೂ ನಡೆಯುತ್ತಿತ್ತೇನೋ, ಒಂದೆರಡು ಕ್ಷಣದ ತಡ, ಅಷ್ಟೇ. ನಮ್ಮ ಹೊರಗೂಡು ಇರುವುದು ಯುರೇನಸ್ಸಿನ ಹತ್ತಿರ. ಅಲ್ಲಿಂದ ಪುಟ ಏನನ್ನಾದರೂ ತವರಿಗೆ ಕೇಳಿ ಉತ್ತರ ಪಡೆಯುವುದರೊಳಗೆ ಕೆಲಸದ ಒಂದು ಪಾಳಿ ಕಳೆದಿರುತ್ತದೆ. ಬುತ್ತಿ ಇಲ್ಲದ ಪುಟ ಅಲ್ಲಿ ಉಪವಾಸ ಕೂರುತ್ತದೆ.

ಬುತ್ತಿ ಎಲ್ಲಿಗೆ ಮುಗಿಯಿತು ಎಂದು ಪುಟಕ್ಕೆ ತಿಳಿಯಲು ಒಂದು ಗುರುತು ಬೇಕು. ನಮ್ಮ ಮೊದಲ ಪುಟಗಾರರು ಕನ್ನಡದ ಅಭಿಮಾನಿಗಳು. ಪತ್ರ ಮುಗಿಸುವಾಗ ಇತಿ ಎಂದು ಬರೆಯುತ್ತಾರಲ್ಲ, ಅದನ್ನೇ ಗುರುತು ಮಾಡಿದರು. ಇತಿ ಎಂದು ಕಂಡಲ್ಲಿ ಬುತ್ತಿ ಮುಗಿಯಿತು. ಬಹಳ ಚಂದದ ಯೋಚನೆ. ಇತಿಹಾಸ ಎಂಬ ಪದ ಆ ಹೊತ್ತಿಗೆ ಅವರಾರಿಗೂ ನೆನಪಾಗಲಿಲ್ಲ. ಬುತ್ತಿಯ ನಡುವೆ ಆ ಪದ ಬಂದರೆ ಪುಟ ಅದರ ಮೊದಲೆರಡು ಅಕ್ಷರಕ್ಕೇ ಊಟ ಮುಗಿಯಿತೆಂದು ತಿಳಿಯುತ್ತದೆ. ಅರ್ಧ ಬುತ್ತಿ ಅದಕ್ಕೆ ಅರ್ಥವಾಗದು, ಆದ್ದರಿಂದ ಏನೂ ಬಂದಿಲ್ಲವೆಂದೇ ಎಣಿಸುತ್ತದೆ. ಉಳಿದದ್ದೆಲ್ಲ ಬಿಡಿ ಅಕ್ಷರಗಳಾಗಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಚೆಲ್ಲುತ್ತದೆ. ನಿಮ್ಮಲ್ಲೂ ಹೀಗಾಗುತ್ತಿತ್ತೆಂದು ಓದಿದ್ದೇನೆ. ಸ್ಕ್ರಿಪ್ಟ್ ಮುಗಿಯಿತೆನ್ನುವ ಗುರುತು ಯಾರದೋ ಹೆಸರಿನೊಳಗೋ ಟಿಪ್ಪಣಿಯೊಳಗೋ ನುಸುಳಿದರೆ ಪುಟ ಅಲ್ಲೇ ಒಡೆಯುತ್ತಿತ್ತು. ಗುರುತನ್ನು ಬದಲಿಸೋಣವೆಂದರೆ ದೂರದೂರದ ಗೋಡೆಗಳೆಲ್ಲ ಒಟ್ಟಿಗೇ ಹೊಸದನ್ನು ಕಲಿಯಬೇಕು. ಮುಂದಿನ ಸುತ್ತಿಗೆ ನೋಡೋಣ ಎಂದು ಪ್ರತಿ ಸುತ್ತಿನ ಸಭೆಯೂ ಏಳುತ್ತದೆ. ಅಲ್ಲಿಯವರೆಗೆ, ಕಳಿಸುವ ಮುನ್ನ ಬುತ್ತಿಯನ್ನು ಓದಿ ಇ ಮತ್ತು ತಿ ನಡುವೆ ಒಂದು ಚುಕ್ಕೆ ಇಡುತ್ತೇವೆ. ಚುಕ್ಕೆ ಇದ್ದರೆ ಪುಟ ಮೋಸಹೋಗುವುದಿಲ್ಲ. ಯಂತ್ರವೇ ಈ ಕೆಲಸ ಮಾಡಬಹುದಿತ್ತು. ಆದರೆ ಜನರ ಮಾತಿಗೆ ಯಂತ್ರ ಕೈಹಾಕಬಾರದು ಎಂಬುದು ಇಲ್ಲಿಯ ಹಳೆಯ ತೀರ್ಮಾನ. ಹಾಗಾಗಿ ತವರಿನಲ್ಲಿ ಚುಕ್ಕೆ ಇಡುವವರು ಎಂದೇ ನೌಕರಿ ಇದೆ, ಸಾಹಿತ್ಯ ಓದಿದವರಿಗೆ ಸಿಗುವ ನೌಕರಿ ಅದೊಂದೇ. ನಮ್ಮ ಹಿರಿಯ ಫಕೀರಪ್ಪ ಕಾಕಾ ನನ್ನನ್ನು ಸೇರಿಸಿಕೊಂಡ ದಿನ ಹೇಳಿದ್ದು ಇಷ್ಟು: “ನೋಡವ್ವಾ, ಐತಿ ಅಂದ್ರ ಐತಿ. ಇತಿ ಅಂದ್ರ ಹೋತು. ಫರಕು ಒಂದ ಅಕ್ಷರದ್ದು. ಅದನ್ನ ಕಾಯೂದಕ್ಕ ನಮಗ ರೊಟ್ಟಿ ಹಾಕ್ತಾರ.”

ಬುತ್ತಿಯಲ್ಲಿ ನಾವು ಓದದ ಒಂದು ಭಾಗವಿದೆ. ಅದಕ್ಕೆ ಮನೆಮಾತು ಎಂದು ಹೆಸರು. ನಿಮ್ಮಲ್ಲಿ ಮನೆಮಾತೆಂದರೆ ಮನೆಯಲ್ಲಾಡುವ ಭಾಷೆ. ನಮ್ಮಲ್ಲಿ, ಒಬ್ಬರು ತಮ್ಮವರಿಗೆಂದು ಬುತ್ತಿಯೊಳಗೆ ಸೇರಿಸುವ ನಾಲ್ಕು ಖಾಸಗಿ ಮಾತು. ಎಲ್ಲರ ಉಸಿರೂ ಎಲ್ಲರಿಗೂ ಕೇಳಿಸುವ ಈ ಊರಿನಲ್ಲಿ ಉಳಿದಿರುವ ಮರ್ಯಾದೆ ಎಂದರೆ ಕಂಡೂ ಕಾಣದಂತಿರುವುದು. ಮನೆಮಾತನ್ನು ಬರೆದವರೇ ಮುಚ್ಚಿ ಕೊಡುತ್ತಾರೆ, ನಾವು ಹಾಗೆಯೇ ಸೇರಿಸುತ್ತೇವೆ. ಎಲ್ಲಾದರೂ ಗೋಡೆಯ ಮೇಲೆ ಬುತ್ತಿ ಚೆಲ್ಲಿದರೆ ಅಲ್ಲಿದ್ದವರೆಲ್ಲ ಮುಖ ತಿರುಗಿಸಿ ನಿಲ್ಲುತ್ತಾರೆ. ಬೀದಿಯಲ್ಲಿ ಯಾರದಾದರೂ ಸೆರಗು ಜಾರಿದರೆ ನೀವು ಮಾಡುತ್ತಿದ್ದಿರಲ್ಲ, ಹಾಗೆ.

ನನ್ನ ಪಕ್ಕದ ಗೂಡಿನಲ್ಲಿ ಶಿವಪುತ್ರ ಎಂಬವರಿದ್ದಾರೆ. ಗಾಳಿಯ ಜರಡಿಗಳನ್ನು ತೊಳೆಯುವ ಕೆಲಸ. ಅವರ ಹೆಂಡತಿ ರುದ್ರಾಣಿ, ಹಿಮ ಕೊರೆಯುವ ಕೆಲಸಕ್ಕೆಂದು ಹೊರಗೂಡಿಗೆ ಹೋದವರು. ಅಲ್ಲಿಗೆ ಹಡಗು ಹೋಗಿ ಬರುವುದು ಶನಿಸುತ್ತಿಗೆ ನಾಲ್ಕೇ ಸಲ. ಹೋದ ಹಡಗಿನಲ್ಲಿ ಹೋದವರು ಈ ಹಡಗಿನಲ್ಲಿ ಬರಬೇಕು, ಇಲ್ಲವೇ ಇನ್ನೊಂದು ಏಳೆಂಟು ಭೂಮಿವರ್ಷ ಕಾಯಬೇಕು. ಅವರು ಹೊರಟ ದಿನದ ಜಗಳ ನಾನು ಚಿಕ್ಕವಳಾಗಿದ್ದಾಗ ಗೋಡೆಯಾಚೆಯಿಂದ ಕೇಳಿದ್ದೆ. ಜಗಳ ಒಂದು ಕೌದಿಯದು. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ ಹೊದಿಕೆ, ಪದವೂ ಬಟ್ಟೆಯೂ ನಿಮ್ಮ ಕಾಲದ್ದೇ. “ಅಲ್ಲಿ ಥಂಡಿ ಭಾಳ ಅಂತ, ಕೌದಿ ನನಗಿರಲಿ” ಎಂದರು ರುದ್ರಾಣಿ. “ನಮ್ಮವ್ವನ ಕೌದಿ, ಎಲ್ಲೂ ಹೋಗಂಗಿಲ್ಲ” ಎಂದರು ಇವರು. “ಹಂಗಾರ ಕೌದಿ ಸಂಗಾಟನ ಸಂಸಾರ ಮಾಡು” ಎಂದು ರುದ್ರಾಣಿ ಬಾಗಿಲು ಹಾಕಿಕೊಂಡು ಹೋದರು. ಶಿವಪುತ್ರ ಹಡಗುಕಟ್ಟೆಗೆ ಹೋಗಿ ಬೀಳ್ಕೊಡಲಿಲ್ಲ. ಅಂದಿನಿಂದ ಆ ಗೂಡಿನಲ್ಲಿ ರೊಟ್ಟಿ ಬಡಿಯುವ ಸದ್ದು ಒಬ್ಬರದೇ.

ಹೆಂಡತಿಯನ್ನು ತಿರುಗಿ ಕರೆಸಿಕೊಳ್ಳಲು ಜಾಗ ಬೇಕು. ಶಿವಪುತ್ರ ವರ್ಷಗಟ್ಟಲೆ ತಮ್ಮ ಪಾಳಿಯ ಜೊತೆಗೆ ಬೇರೆಯವರ ಪಾಳಿಯನ್ನೂ ತೊಳೆದರು. ಕಡೆಗೆ ಪಂಚರು ಒಪ್ಪಿ ಒಂದು ಜಾಗ ಕೊಟ್ಟರು, ಷರತ್ತಿನ ಮೇಲೆ. ಈ ಹಡಗಿಗೆ ರುದ್ರಾಣಿ ಹತ್ತಿದರೆ ಜಾಗ ಅವರದು. ಹತ್ತದಿದ್ದರೆ ಸರದಿಯಲ್ಲಿ ಮುಂದಿರುವವರಿಗೆ. ಹಡಗಿಗೆ ಹೋಗುವ ಕಟ್ಟೆಯ ಒಳಬಾಗಿಲು ತೆರೆಯುವುದು ಪುಟದ ಮಾತಿಗೆ. ಹೊರಗೂಡಿನ ಗೋಡೆಯ ಮೇಲೆ ಅವರ ಪುಟ ನೆನೆದು, ಬುತ್ತಿಯಲ್ಲಿ ಜಾಗ ಐತಿ ಎಂದಿದ್ದರೆ ಬಾಗಿಲು ತೆರೆಯುತ್ತದೆ. ಬುತ್ತಿಯೇ ಇಲ್ಲದ ಪುಟ ಬಾಗಿಲಿಗೆ ಇಲ್ಲ ಎಂದೇ ಹೇಳಬೇಕು. ಗಾಳಿಯ ವಿಷಯದಲ್ಲಿ ಊಹೆ ಕೂಡದು.

ಪುಟ ಕಟ್ಟುವ ದಿನ ಶಿವಪುತ್ರ ತವರಿಗೆ ಬಂದರು. ತೊಳೆದು ತೊಳೆದು ಬೆಳ್ಳಗಾದ ಕೈಯಲ್ಲಿ ಮುಚ್ಚಿದ ಮನೆಮಾತು ಹಿಡಿದುಕೊಂಡಿದ್ದರು.

“ಕಾಕಾ, ಇದನ್ನ ಮೊದಲ ಇಡ್ರಿ. ಜಾಗದ ಮಾತು ಆಮ್ಯಾಲ ಬರಲಿ.”

“ಯಾಕಲೇ, ಜಾಗಕ್ಕಿಂತ ನಿನ್ನ ಪ್ರೀತಿನ ದೊಡ್ಡದಾತೇನು?” ಎಂದರು ಫಕೀರಪ್ಪ ಕಾಕಾ.

“ಅಕಿ ಹಟ ನಿಮಗ ಗೊತ್ತಿಲ್ರಿ. ಮೊದಲ ಜಾಗ ಕಂಡ್ರ, ಜಾಗ ಸಿಕ್ತು ಅಂತ ಕರದಾನ ಅಂತಾಳ. ನಾ ಕರದದ್ದು ಮೊದಲ ಕಾಣಬೇಕು.”

ಕಾಕಾ ನಕ್ಕು, ಹಾಗೆಯೇ ಇಟ್ಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬುತ್ತಿಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬ ನಿಯಮ ನಮ್ಮಲ್ಲಿಲ್ಲ. ಉಳಿದ ಭಾಗವನ್ನೆಲ್ಲ ಓದಿ, ಚುಕ್ಕೆ ಇಡಬೇಕಾದಲ್ಲಿ ಇಟ್ಟು, ಪುಟ ಕಳಿಸಿದೆವು. ಮನೆಮಾತಿನಲ್ಲಿ ಏನಿತ್ತೆಂದು ಈಗ ಊರಿಗೆಲ್ಲ ಗೊತ್ತು, ಹಾಗಾಗಿ ಬರೆಯುತ್ತೇನೆ. ‘ನಮ್ಮ ಜಗಳಾ ಇನ್ನ ಇತಿಹಾಸ. ಕೌದಿ ನೀನ ಇಟ್ಗೊ. ಬಂದ್ಬಿಡು.’ ನಮ್ಮ ಪುಟಗಳಲ್ಲೆಲ್ಲ ಚರಿತ್ರೆ ಎಂದೇ ಬರೆದು ಬರೆದು ಆ ಇನ್ನೊಂದು ಪದ ಕೇಳಿ ಎಷ್ಟೋ ಕಾಲವಾಗಿತ್ತು. ಜರಡಿ ತೊಳೆಯುವ ಮನುಷ್ಯನಿಗೆ ಅದು ಎಲ್ಲಿ ಸಿಕ್ಕಿತೋ. ಅವರ ಅವ್ವ ಆಡುತ್ತಿದ್ದಿರಬೇಕು. ತನ್ನ ಹೆಂಡತಿಗೆ ಹೇಳುವ ಮಾತು ದೊಡ್ಡದಾಗಿರಲಿ ಎಂದು ನೆನಪು ಮಾಡಿ ಹುಡುಕಿ ಬರೆದಿದ್ದಾರೆ.

ಹೊರಗೂಡಿನಲ್ಲಿ ನಡೆದದ್ದನ್ನು ರುದ್ರಾಣಿ ಆಮೇಲೆ ತಡಮಾತಿನಲ್ಲಿ ಹೇಳಿದರು. ತಡಮಾತೆಂದರೆ ಬಾಯಿಂದ ಹೇಳಿ ಕಳಿಸಿದ್ದು, ಹೊತ್ತು ಕಳೆದು ಕೇಳಿಸುವುದು. ಕಟ್ಟೆಯ ಮೇಲೆ ಊರಿಗೆ ಮರಳುವವರು ಕೆಲವರು ನಿಂತಿದ್ದರು. ಒಬ್ಬೊಬ್ಬರ ಪುಟವೂ ಗೋಡೆಯ ಮೇಲೆ ಮೂಡಿ, ನೆನೆದು, ಬಾಗಿಲು ಹಸಿರಾಗಿ, ಅವರು ಒಳಗೆ ಹೋಗುತ್ತಿದ್ದರು. ರುದ್ರಾಣಿಯ ಪುಟ ಮೂಡಿತು. ಬುತ್ತಿ ಬಿಚ್ಚಿತು. ಬಿಚ್ಚಿದ್ದೇ ತಡ ಗೋಡೆಯ ತುಂಬ ಅಕ್ಷರಗಳು ಚೆಲ್ಲಿದವು. ಎಲ್ಲರೂ ಬೆನ್ನು ತಿರುಗಿಸಿದರು. ಹಡಗಿನ ಮುಖ್ಯಸ್ಥ ಕೊಟ್ರಯ್ಯನೂ ತಿರುಗಿ ನಿಂತ.

“ಅಣ್ಣಾ, ಜಾಗ ಐತಿ ಅಂತ ಕಾಣಸ್ತೈತಿ. ಇಲ್ಲೇ ತಳಗ. ಸ್ವಲ್ಪ ಈ ಕಡೆ ತಿರಗ್ರಿ.”

“ಚೆಲ್ಲಿದ್ದು ನೋಡಬಾರದವ್ವಾ. ಮತ್ತೊಬ್ಬರ ಮನೀ ಮಾತು.”

“ನನ್ನ ಮನೀ ಮಾತು. ನಾನ ನೋಡ್ರಿ ಅಂತೀನಿ.”

ಕೊಟ್ರಯ್ಯ ತಿರುಗಲಿಲ್ಲ. ಸ್ವಲ್ಪ ಯೋಚಿಸಿ, “ನೀ ಓದು, ನಾ ಕೇಳ್ತೀನಿ. ಕೇಳಬಾರದು ಅಂತ ಯಾರೂ ಹೇಳಿಲ್ಲ” ಎಂದ.

ರುದ್ರಾಣಿ ಅಷ್ಟು ಬೆನ್ನುಗಳ ಎದುರು ಗಂಡನ ಮಾತನ್ನು ಗಟ್ಟಿಯಾಗಿ ಓದಿದರು. ಇತಿ ಪುಟದ ಹೊಟ್ಟೆಗೆ ಹೋಗಿತ್ತು, ಗೋಡೆಯ ಮೇಲಿದ್ದದ್ದು ಅದರ ಮುಂದಿನದು. “ಹಾಸ. ಕೌದಿ ನೀನ ಇಟ್ಗೊ. ಬಂದ್ಬಿಡು. ಜಾಗ, ಐತಿ.”

“ಹಾಸ ಅಂದ್ರೇನಬೇ?” ಎಂದು ಒಬ್ಬಾಕೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಹಾಸಿಗಿ ಅಂತ ಬರಿಯಾಕ ಹೋಗಿರಬೇಕು, ಪಾಪ, ಅವಸರ” ಎಂದ ಇನ್ನೊಬ್ಬ. “ಹಾಸಿಗಿ ಐತಿ, ಕೌದಿ ಐತಿ, ಜಾಗಾನೂ ಐತಿ. ಮತ್ತೇನು ಬೇಕು ನಿನಗ?”

ಎಲ್ಲರೂ ನಕ್ಕರು. ರುದ್ರಾಣಿಯೂ ನಕ್ಕರು. ಹಾಸ ಎಂದರೆ ಹಳೆಯ ಮಾತಿನಲ್ಲಿ ನಗು ಎಂದೇ ಅರ್ಥ, ಅಲ್ಲಿದ್ದ ಯಾರಿಗೂ ಅದು ತಿಳಿದಿರಲಿಲ್ಲ. 

ನಗು ನಿಂತ ಮೇಲೆ ಕೊಟ್ರಯ್ಯ ಹೇಳಿದ, “ನಂಬಿದೆ ತಂಗಿ. ಆದ್ರ ಬಾಗಲಾ ನನ್ನ ಮಾತು ಕೇಳಂಗಿಲ್ಲ. ಪುಟದ ಮಾತು ಕೇಳ್ತೈತಿ. ಪುಟ ಇಲ್ಲ ಅಂತೈತಿ.”

“ಪುಟ ತವರಿಗೆ ಕೇಳೇತಿ. ಉತ್ತರ ಬರೂತನಕ ನಿಲ್ರಿ.”

“ನಾ ನಿಂತರ ಶನಿ ನಿಲ್ತಾನೇನವಾ?”

ಅವನು ಹೇಳಿದ್ದು ಸರಿ. ಹೊರಡುವ ಗಳಿಗೆ ತಪ್ಪಿದರೆ ಹಡಗು ಶನಿಯನ್ನು ಹಿಡಿಯಲಾರದು, ಒಳಗಿದ್ದವರೆಲ್ಲರ ಗತಿ ಅಲ್ಲಿಗೆ ಮುಗಿಯುತ್ತಿತ್ತು. ಹಡಗು ಹೊರಟಿತು. ಇಲ್ಲಿ ತವರಿನಲ್ಲಿ ಆ ಪುಟದ ಪ್ರಶ್ನೆ ಬಂದು ಮುಟ್ಟಿದಾಗ ಫಕೀರಪ್ಪ ಕಾಕಾಗೆ ಅದು ಉಪವಾಸ ಕೂತಿದೆಯೆಂದು ತಕ್ಷಣ ಗೊತ್ತಾಯಿತು. ಮನೆಮಾತನ್ನು ಬಿಟ್ಟು ಜಾಗದ ಮಾತೊಂದನ್ನೇ ಕಟ್ಟಿ ಆ ಕ್ಷಣವೇ ಕಳಿಸಿದರು. ಅದು ಸರಿಯಾಗಿ ಹೋಗಿ ಸೇರಿತು. ಹೊರಗೂಡಿನ ಗೋಡೆಯ ಮೇಲೆ ಚೆಲ್ಲಿದ್ದೆಲ್ಲ ಅಳಿಸಿ ಪುಟ ಅಚ್ಚುಕಟ್ಟಾಗಿ ನೆನೆಯಿತು, ಜಾಗ ಐತಿ ಎಂದು ಬರೆಯಿತು, ಕಟ್ಟೆಯ ಒಳಬಾಗಿಲು ಹಸಿರಾಗಿ ತಾನಾಗಿಯೇ ತೆರೆಯಿತು. ಆಚೆಗೆ ಹಡಗಿರಲಿಲ್ಲ. ಬಾಗಿಲು ತಿರುಗಿ ಮುಚ್ಚುವವರೆಗೂ ರುದ್ರಾಣಿ ಅಲ್ಲೇ ನಿಂತಿದ್ದರಂತೆ. ಏನಾದರೂ ಅನ್ನಬೇಕೆಂದರೆ ಅನ್ನಲು ಅಲ್ಲಿ ಯಾರೂ ಇರಲಿಲ್ಲ ಎಂದು ತಡಮಾತು ಮುಗಿಸಿದ್ದಾರೆ.

ಜಾಗ ಸರದಿಯಂತೆ ಮುಂದಿನವರಿಗೆ ಹೋಯಿತು. ನಮ್ಮ ಓಣಿಯಲ್ಲೇ ಒಂದು ಕೂಸು ಹುಟ್ಟುವುದಿತ್ತು, ಹುಟ್ಟಿದೆ, ಆ ಗಾಳಿಯನ್ನು ಉಸಿರಾಡುತ್ತಿದೆ. ಅದರ ಮೇಲೆ ಸಿಟ್ಟು ಮಾಡಲು ಯಾರಿಂದಲೂ ಆಗುವುದಿಲ್ಲ. ಶಿವಪುತ್ರ ಕೂಸನ್ನು ನೋಡಿಕೊಂಡೂ ಬಂದರು, ಮೂಗು ಚಂದ ಐತಿ ಎಂದರು. ಆಮೇಲೆ ಒಂದು ದಿನ ಪಾಳಿ ಮುಗಿಸಿ ಬರುವ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. “ಅವ್ವಿ, ನೀ ಓದಿದಾಕಿ. ಯಾವ್ಯಾವ ಮಾತು ಆಡಬಾರದು ಒಮ್ಮೆ ಹೇಳಿಬಿಡು. ಇನ್ನ ಮ್ಯಾಲ ಆಡಂಗಿಲ್ಲ” ಎಂದರು. ಆಡಬಾರದ ಮಾತು ಯಾವುದೂ ಇಲ್ಲ ಎಂದು ಹೇಳಬೇಕಿತ್ತು. ನಾನು ತಲೆ ತಗ್ಗಿಸಿದೆ. ಅವರು ಪರವಾಗಿಲ್ಲ ಎನ್ನುವಂತೆ ಕೈ ಮಾಡಿ ಹೋದರು. ಜಾಗದ ಸರದಿಯ ಕಡೆಯಲ್ಲಿ ತಿರುಗಿ ಹೆಸರು ಬರೆಸಿದ್ದಾರೆ. ಎರಡು ಪಾಳಿ ಮತ್ತೆ ಶುರುವಾಗಿದೆ. ಅವರಿಗೆ ವಯಸ್ಸಾಗುತ್ತಿದೆ. ಮುಂದಿನ ಹಡಗಿನ ಹೊತ್ತಿಗೆ ಆ ಕೈಗಳಲ್ಲಿ ಜರಡಿ ಎತ್ತುವ ಶಕ್ತಿ ಉಳಿದಿರುತ್ತದೆಯೋ ಇಲ್ಲವೋ.

ಪಂಚರ ಸಭೆ ಸೇರಿತ್ತು. ಮನೆಮಾತನ್ನೂ ಓದಿ ಚುಕ್ಕೆ ಇಡಬೇಕೆಂದು ಕೆಲವರು, ಓದುವುದು ಹೇಸಿಗೆಯ ಕೆಲಸವೆಂದು ಕೆಲವರು. ಗುರುತನ್ನೇ ಬದಲಿಸೋಣ ಎಂದು ಫಕೀರಪ್ಪ ಕಾಕಾ ಎದ್ದು ನಿಂತು ಹೇಳಿದರು, ಮುಂದಿನ ಸುತ್ತಿಗೆ ನೋಡೋಣ ಎಂದರು ಪಂಚರು. ಎಲ್ಲರೂ ದಣಿದಿದ್ದರು. ಯಾರೂ ಕೆಟ್ಟವರಲ್ಲ ಎಂಬುದನ್ನು ನೀವು ದಯವಿಟ್ಟು ನಂಬಬೇಕು.

ಇಷ್ಟು ಹೇಳಿ ನಿಮ್ಮಲ್ಲಿ ಒಂದು ಬೇಡಿಕೆ. ನಮ್ಮ ಪುಟಗಾರರು ಕಲಿತದ್ದು ಅವರ ಹಿಂದಿನವರಿಂದ, ಆ ಹಿಂದಿನವರು ಕಲಿತದ್ದು ನಿಮ್ಮಿಂದ. ಎಲ್ಲೋ ಒಂದು ಕಡೆ, ಕೆಲಸ ಮುಗಿಸಿ ಮನೆಗೆ ಹೋಗುವ ಆತುರದಲ್ಲಿ ನಿಮ್ಮಲ್ಲೊಬ್ಬರು ಮೊದಲ ಸ್ಥಿತಿಯನ್ನು ಹಾಗೆಯೇ ಪುಟದೊಳಗೆ ಸುರಿದು, ಯಾರು ಇಂಥ ಮಾತು ಬರೆಯುತ್ತಾರೆ ಎಂದುಕೊಂಡು ಎದ್ದಿರಬಹುದು. ಬರೆಯುತ್ತಾರೆ. ಮುನಿಸು ಬಿಟ್ಟು ಕರೆಯುವವರು ಯಾವ ಮಾತನ್ನಾದರೂ ಬರೆಯುತ್ತಾರೆ. ಜನರ ಬಾಯಲ್ಲಿ ಬರುವ ಯಾವ ಮಾತೂ ಬುತ್ತಿ ಮುಗಿಯಿತೆನ್ನುವ ಗುರುತಾಗದಂತೆ ಕಟ್ಟಿ. ಓದಬಾರದ್ದನ್ನು ಓದದೆಯೇ ಕಾಯುವ ಉಪಾಯ, ಗುರುತಿನಂಥ ಅಕ್ಷರ ಬಂದಲ್ಲಿ ಯಂತ್ರವೇ ಚುಕ್ಕೆ ಇಡುವಂಥದ್ದು, ನಿಮ್ಮಲ್ಲಿತ್ತೆಂದು ನಾನು ಓದಿದ್ದೇನೆ, ಒಂದೇ ಸಾಲಿನ ಕೆಲಸವಂತೆ. ಅದನ್ನು ಮರೆಯದೆ ಮಾಡಿ, ನಿಮ್ಮ ನಂತರದವರಿಗೂ ಮಾಡಲು ಹೇಳಿ, ಅವರು ಅವರ ನಂತರದವರಿಗೆ ಹೇಳಲಿ.

ನೀವು ಹಾಗೆ ಮಾಡಿದ್ದೇ ಆದರೆ ಈ ಪತ್ರ ನಿಮಗೆ ಸಿಗುವುದಿಲ್ಲ, ಏಕೆಂದರೆ ನಾನು ಬರೆದಿರುವುದಿಲ್ಲ. ಸಿಗದೆ ಹೋಗಲಿ ಎಂದೇ ಬೇಡಿಕೊಳ್ಳುತ್ತೇನೆ. ಆಗ ಪಕ್ಕದ ಗೂಡಿನಲ್ಲಿ ಇಬ್ಬರು ರೊಟ್ಟಿ ಬಡಿಯುತ್ತಿರುತ್ತಾರೆ, ಹಿಟ್ಟು ತೆಳುವಾಯಿತೆಂದು ಒಬ್ಬರು, ನೀನೇ ನೀರು ಸುರಿದದ್ದೆಂದು ಇನ್ನೊಬ್ಬರು. ನಾನು ಈಚೆ ಕಡೆ, ಕೇಳಿಸಿಯೂ ಕೇಳಿಸದವಳ ಹಾಗೆ, ಬೇರೆ ಏನನ್ನಾದರೂ ಓದುತ್ತ ಕೂತಿರುತ್ತೇನೆ.

ಶಾಲ್ಮಲಾ